ಕೆರೆಯ ತಳದ ಕಬ್ಬಿಣ

ಯುಗಾದಿ ಹತ್ತಿರ ಬಂತೆಂದರೆ ಬಾಗಲವಾಡದ ನಮ್ಮಜ್ಜನ ಕುಲುಮೆಗೆ ಬಿಡುವು ಇರುತ್ತಿರಲಿಲ್ಲ. ಹಿಂಗಾರಿ ಜೋಳದ ರಾಶಿ ಮನೆ ಸೇರಿ, ಎರೆ ಹೊಲ ಬಾಯಿ ಬಿಟ್ಟು, ಎತ್ತುಗಳಿಗೆ ಕೆಲಸವಿಲ್ಲದ ಹೊತ್ತು ಅದು. ಮುಂಗಾರಿಗೆ ಕುಡ ಹಣಿಸಲು ಇನ್ನೂ ಎರಡು ತಿಂಗಳಿರುತ್ತಿತ್ತು. ಆದರೂ ಸುತ್ತಿನ ಊರುಗಳಿಂದ ಗುದ್ದಲಿ, ಸಲಿಕೆ, ಹಾರೆ ಬಂದು ಬೀಳುತ್ತಿದ್ದವು. ಸಡಿಲಾದ ಹಳಿ ಬಿಗಿಸಿಕೊಳ್ಳಲು ಬಂಡಿ ಗಾಲಿಗಳು ಬೇವಿನ ಗಿಡಕ್ಕೆ ಒರಗಿ ನಿಂತಿರುತ್ತಿದ್ದವು. ಎಲ್ಲವೂ ಕೆರೆಯ ಹೂಳು ಹೊಡೆಯುವುದಕ್ಕೆ. ಅಜ್ಜನಿಗೆ ಇದಕ್ಕೆ ಬೇರೆ ರೊಕ್ಕವಿಲ್ಲ, ಕಣದಲ್ಲಿ ವರ್ಷಕ್ಕೊಮ್ಮೆ ಅಳೆದು ಕೊಡುವ ಆಯದ ಜೋಳದಲ್ಲೇ ಇದೂ ಸೇರಿತ್ತು. ಬಿಸಿಲಲ್ಲಿ ಇಷ್ಟು ಮಂದಿ ಕೆಸರು ಹೊತ್ತು ಸಾಯುವುದು ಯಾಕೆ ಎಂದು ಕೇಳಿದರೆ ಅವನು ಹೇಳುತ್ತಿದ್ದದ್ದು ಒಂದೇ ಮಾತು: “ಹೂಳು ತೆಗೀಲಿಲ್ಲಂದ್ರ ನೀರು ಕೆಡ್ತದವ್ವ.”

ಕೆರೆಯಲ್ಲಿ ನೀರು ನಿಲ್ಲುವ ಜಾಗ ಕಡಿಮೆಯಾಗುತ್ತದೆ ಎಂದು ಇಂಜಿನಿಯರುಗಳು ಹೇಳುತ್ತಾರೆ. ಅದೂ ನಿಜ. ಅಜ್ಜ ಮಾತ್ರ ಜಾಗದ ಮಾತು ಎತ್ತುತ್ತಿರಲಿಲ್ಲ, ನೀರು ಕೆಡುವ ಮಾತು ಆಡುತ್ತಿದ್ದ. ಮುಂದೆ ನಾನು ರಸಾಯನಶಾಸ್ತ್ರ ಓದಿ, ಮಾನ್ವಿ ಸೀಮೆಯ ಹೈಸ್ಕೂಲುಗಳಲ್ಲಿ ವಿಜ್ಞಾನ ಹೇಳಿಕೊಡುತ್ತಾ ನಿವೃತ್ತಿಯಾದೆ. ಆ ಮಾತಿನ ಹಿಂದೆ ಎಷ್ಟು ಗಟ್ಟಿಯಾದ ಅನುಭವವಿತ್ತೆಂಬುದು ವರ್ಷಗಳು ಕಳೆದಂತೆ ನನಗೆ ಸ್ಪಷ್ಟವಾಗುತ್ತಾ ಹೋಯಿತು. ಕೆರೆಯ ನೀರು ಕೆಡುವುದಕ್ಕೂ ಕೆಡದೆ ಉಳಿಯುವುದಕ್ಕೂ ಕಾರಣವಾಗುವ ವಸ್ತುಗಳಲ್ಲಿ ಒಂದು, ಅಜ್ಜ ದಿನವಿಡೀ ಬಡಿಯುತ್ತಿದ್ದ ಕಬ್ಬಿಣವೇ.

ನಮ್ಮ ಎಡೆದೊರೆ ನಾಡಿನಲ್ಲಿ, ಅಂದರೆ ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ, ಕಬ್ಬಿಣ ಮತ್ತು ಕಟ್ಟಿದ ನೀರು ಎರಡೂ ಬಹಳ ಹಳೆಯವು. ಮಸ್ಕಿಯ ಹೆಸರು ಜಗತ್ತಿಗೆ ಗೊತ್ತಾದದ್ದು 1915ರಲ್ಲಿ, ಬೀಡನ್ ಎಂಬ ಗಣಿ ಇಂಜಿನಿಯರನಿಗೆ ಅಶೋಕನ ಶಾಸನ ಕಂಡಾಗ. ಆದರೆ ಶಾಸನಕ್ಕಿಂತ ಎಷ್ಟೋ ಶತಮಾನ ಮೊದಲಿನಿಂದಲೂ ಅಲ್ಲಿ ಜನವಸತಿ ಇತ್ತು. 1954ರಲ್ಲಿ ಬಿ.ಕೆ. ಥಾಪರ್ ಅಗೆದಾಗ ಬೃಹತ್ ಶಿಲಾ ಸಮಾಧಿಗಳ ಕಾಲದ ಪದರದಲ್ಲಿ ಕಬ್ಬಿಣದ ಸಾಮಾನು ಸಿಕ್ಕವು. 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದ್ದ, ಈಗ ಕೊಪ್ಪಳಕ್ಕೆ ಸೇರಿದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಕಲ್ಲು ಮನೆಗಳಿವೆ. ಮೌರ್ಯರ ಮನೆಗಳು ಎಂದು ಜನ ಕರೆಯುವ ಆ ಸಮಾಧಿಗಳ ನಡುವೆ ಒಂದು ಹೊಂಡವಿದೆ. ಚಪ್ಪಡಿ ಎಬ್ಬಿಸಿದ ಬಂಡೆಯ ಕುಳಿಯೇ ಮಳೆನೀರು ಹಿಡಿಯುವ ಹೊಂಡವಾಯಿತು. ನಾನು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ಸಮಾಧಿಗಳಿಗಿಂತ ಹೆಚ್ಚು ಹೊತ್ತು ಆ ಹೊಂಡದ ದಂಡೆಯಲ್ಲೇ ನಿಲ್ಲಿಸುತ್ತಿದ್ದೆ. ಕಬ್ಬಿಣ ಕೈಗೆ ಬಂದ ಕಾಲದ ಜನ ನೀರನ್ನು ಒಂದು ಕಡೆ ಹಿಡಿದಿಡಲು ಕಲಿತ ಗುರುತು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಈ ಕಬ್ಬಿಣಕ್ಕೆ ಅದಿರು ಬೆಟ್ಟದಿಂದಲೇ ಬರಬೇಕೆಂದಿರಲಿಲ್ಲ. ದೊಡ್ಡ ಮಳೆಯ ಮರುದಿನ ಹಳ್ಳದ ಅಂಚಿಗೆ ಹೋಗಿ ನೋಡಿ, ಬಿಳಿ ಮರಳಿನ ಮೇಲೆ ಕಪ್ಪು ಗೆರೆ ಎಳೆದಂತೆ ಸಣ್ಣ ಪುಡಿ ಕೂತಿರುತ್ತದೆ. ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಆಡಿಸಿದರೆ ಪುಡಿ ಮೀಸೆಯಂತೆ ಎದ್ದು ನಿಲ್ಲುತ್ತದೆ. ಅದು ಮ್ಯಾಗ್ನೆಟೈಟ್, ನಮ್ಮ ಬಂಡೆಗಲ್ಲುಗಳು ಸವೆದು ಬಿಟ್ಟ ಕಬ್ಬಿಣದ ಅದಿರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಕಪ್ಪು ಮರಳನ್ನೇ ತೊಳೆದು, ಇದ್ದಿಲಿನ ಒಲೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುತ್ತಿದ್ದವರನ್ನು ಕಂಡು ಬರೆದಿದ್ದಾನೆ. ಮನುಷ್ಯ ಎತ್ತಿಕೊಳ್ಳದೆ ಬಿಟ್ಟ ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಮಳೆನೀರಿನ ಜೊತೆ ಹರಿದು ಕೆರೆಗೆ ಸೇರುತ್ತದೆ. ಕಪ್ಪು ಮರಳಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಮಸಾರಿ ಹೊಲದ ಕೆಂಪು ಮಣ್ಣಿನ ರೂಪದಲ್ಲಿ ಸೇರುತ್ತದೆ. ಆ ಕೆಂಪು ಬಣ್ಣವೇ ಕಬ್ಬಿಣದ ಜಂಗು.

ಕೆರೆ ಕಟ್ಟಿದವರಿಗೆ ಹೂಳಿನ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕನ್ನಡ ಶಾಸನಗಳಲ್ಲಿ ಕೆರೆಗೆ ಬಿಟ್ಟ ಬಿತ್ತುವಟ್ಟ, ದಶವಂದ ಎಂಬ ದತ್ತಿಗಳು ಬರುತ್ತವೆ, ಹೂಳು ಸಾಗಿಸುವ ಬಂಡಿಗೆಂದು ಬಿಟ್ಟ ಭೂಮಿಯೂ ಬರುತ್ತದೆ. ನಿಜಾಮರ ಕಾಲದಲ್ಲಿ ಕೆರೆ ನೋಡಿಕೊಳ್ಳುವವನಿಗೆ ಹುಟ್ಟುವಳಿಯಲ್ಲಿ ಪಾಲು ಕೊಡುವ ಏರ್ಪಾಟಿಗೆ ದಸ್ತಬಂದ್ ಎನ್ನುತ್ತಿದ್ದರು. ಕಡಪ ಜಿಲ್ಲೆಯ ಪೋರುಮಾಮಿಳ್ಳ ಕೆರೆಯ 1369ರ ಶಾಸನವಂತೂ ಒಳ್ಳೆಯ ಕೆರೆಗೆ 12 ಅಂಗಗಳನ್ನೂ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಅದರಲ್ಲಿ ಒಂದು ದೋಷ. ಅದನ್ನು ಓದಿದಾಗ ನನ್ನ ಮನಸ್ಸಿಗೆ ಬಂದದ್ದು ನಮ್ಮ ನಾಡೇ. ವಿಜಯನಗರ ಒಂದು ಕಡೆ, ಬಹಮನಿ ಮತ್ತು ಆಮೇಲೆ ಬಿಜಾಪುರ ಇನ್ನೊಂದು ಕಡೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಗೆದ್ದ ಯುದ್ಧಕ್ಕೆ ಮೊದಲೂ ಆಮೇಲೂ ಈ ನೆಲ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಗಡಿಯಲ್ಲಿ ಬಾಳುವವರು ಯಾವ ದೊರೆಯನ್ನೂ ನಂಬಿಕೊಂಡು ಹೂಳು ಬಿಡುವಂತಿರಲಿಲ್ಲ. ಊರೇ ಬಂಡಿ ಹೂಡಬೇಕಿತ್ತು.

ಹೂಳು ಹೊಡೆಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೀರು ಇಂಗಿ ಕೆರೆಯ ನಡುವಿನಲ್ಲಿ ಒಂದು ಮಡು ಮಾತ್ರ ಉಳಿದಾಗ ದಂಡೆಯ ಕಡೆಯಿಂದ ಕಡಿಯುತ್ತಾ ಬರುತ್ತಿದ್ದರು. ಮೇಲಿನ ಪದರ ಒಣಗಿ, ಬಿರಿದು, ಹೆಂಚಿನ ಚೂರುಗಳ ಹಾಗೆ ಮೇಲೆದ್ದಿರುತ್ತಿತ್ತು. ಬಣ್ಣ ಕಂದು. ಸಲಿಕೆ ಒಂದು ಗೇಣು ಕೆಳಗಿಳಿದರೆ ಮಣ್ಣು ಮೆತ್ತಗಾಗುತ್ತಾ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಇನ್ನೊಂದು ಗೇಣಿಗೆ ಕಪ್ಪೆಂದರೆ ಕಪ್ಪು, ಕಾಡಿಗೆಯಂಥ ರಾಡಿ. ಕೊಳೆತ ಮೊಟ್ಟೆಯ ನಾತ. ಅದರೊಳಗೆ ಆಪು ಹುಲ್ಲಿನ ಬೇರು ಇಳಿದ ಕಡೆಯೆಲ್ಲ ದಾರದಷ್ಟು ಸಣ್ಣ ಕೆಂಪು ಕೊಳವೆಗಳು. ಬೇರನ್ನು ಎಳೆದರೆ ಬೆರಳಿಗೆ ಜಂಗು ಮೆತ್ತುತ್ತಿತ್ತು. ಬಂಡಿಯಲ್ಲಿ ಹೇರಿದ ಕಪ್ಪು ಮಣ್ಣು ಹೊಲಕ್ಕೆ ಹೋಗಿ ಗುಡ್ಡೆಯಾಗಿ ಎರಡು ಮೂರು ದಿನ ಬಿಸಿಲು ಕಂಡರೆ ನಾತ ಹೋಗಿ, ಮೈಮೇಲೆ ಕಂದು ಕಳೆ ಬರುತ್ತಿತ್ತು. ಒಡೆದು ನೋಡಿದರೆ ಒಳಗೆ ಇನ್ನೂ ಕಪ್ಪು. ಮಣ್ಣಿಗೆ ಬಿಸಿಲು ಕಾಣಿಸದೆ ಬಿತ್ತಬಾರದು ಎಂದು ಹಿರಿಯರು ಹೇಳುತ್ತಿದ್ದರು. ಹೂಳು ಹಾಕಿದ ಮಸಾರಿ ಹೊಲದಲ್ಲಿ ಸಜ್ಜೆಯಾಗಲಿ ಶೇಂಗಾ ಆಗಲಿ ಮೂರು ನಾಲ್ಕು ವರ್ಷ ಎದ್ದು ಕಾಣುತ್ತಿತ್ತು.

ಆ ಕಂದು, ಬೂದು, ಕಪ್ಪು ಮೂರೂ ಬಣ್ಣಗಳಿಗೆ ಕಾರಣ ಕಬ್ಬಿಣವೇ. ಗಾಳಿ ಸಿಗುವಲ್ಲಿ ಕಬ್ಬಿಣ ಜಂಗಾಗಿ ಕೂರುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಗಾಳಿ ಸಿಗದ ಕೆಸರಿನಲ್ಲಿ ಸೂಕ್ಷ್ಮಾಣುಗಳು ಉಸಿರಾಟಕ್ಕೆ ಆಮ್ಲಜನಕದ ಬದಲು ಆ ಜಂಗನ್ನೇ ಬಳಸಿಕೊಳ್ಳುತ್ತವೆ. ಆಗ ಫೆರಿಕ್ ಎಂಬ ರೂಪದಲ್ಲಿದ್ದ ಕಬ್ಬಿಣ ಫೆರಸ್ ಆಗಿ ಕರಗಿ ನೀರಿಗೆ ಬರುತ್ತದೆ. ಅಲ್ಲಿ ಗಂಧಕ ಸಿಕ್ಕರೆ ಎರಡೂ ಕೂಡಿ ಕಪ್ಪು ಸಲ್ಫೈಡ್ ಆಗುತ್ತದೆ. ಮತ್ತೆ ಬಿಸಿಲಿಗೂ ಗಾಳಿಗೂ ತಂದರೆ ಪುನಃ ಜಂಗು. ಹುಲ್ಲಿನ ಬೇರು ತನ್ನ ಸುತ್ತ ಒಂದಿಷ್ಟು ಆಮ್ಲಜನಕ ಬಿಡುವುದರಿಂದ ಕಪ್ಪು ರಾಡಿಯ ನಡುವೆಯೂ ಅದರ ಮೈಗೆ ಕೆಂಪು ತೊಗಟೆ ಕಟ್ಟುತ್ತದೆ.

ಇದರಲ್ಲಿ ನೀರು ಕೆಡುವ ಮಾತೆಲ್ಲಿ ಬಂತು? ರಂಜಕದಿಂದ ಬಂತು. ಪಾಚಿ ಬೆಳೆಯಲು ರಂಜಕ ಬೇಕು. ಹೊಸದಾಗಿ ಆದ ಜಂಗಿಗೆ ರಂಜಕವನ್ನು ಹಿಡಿದಿಡುವ ಗುಣವಿದೆ. ಕೆರೆಯ ತಳದಲ್ಲಿ ಕಂದು ಪದರ ಇರುವವರೆಗೆ ರಂಜಕಕ್ಕೆ ಬೀಗ ಬಿದ್ದ ಹಾಗೆ, ಅದು ಮೇಲಿನ ನೀರಿಗೆ ಸುಲಭವಾಗಿ ಬರುವುದಿಲ್ಲ. ತಳದಲ್ಲಿ ಕೊಳೆಯುವ ಸಾಮಗ್ರಿ ಹೆಚ್ಚಾಗಿ ಆಮ್ಲಜನಕ ತೀರಿದ ದಿನ ಜಂಗು ಕರಗುತ್ತದೆ, ಅದರ ಜೊತೆಗೆ ರಂಜಕವೂ ಬಿಡುಗಡೆಯಾಗುತ್ತದೆ. ಇದನ್ನು ಜರ್ಮನಿಯ ಐನ್ಸೆಲೆ 1936ರಲ್ಲಿ ತೋರಿಸಿದ. 1941 ಮತ್ತು 1942ರಲ್ಲಿ ಇಂಗ್ಲೆಂಡಿನ ಎಸ್ತ್‌ವೇಟ್ ಸರೋವರದ ಕೆಸರನ್ನು ಅಳೆದು ಕ್ಲಿಫರ್ಡ್ ಮಾರ್ಟಿಮರ್ ಗಟ್ಟಿ ಮಾಡಿದ. ತೆಳುವಾದ ಆ ಕಂದು ಪದರ ಇದ್ದರೆ ಸರೋವರ ಒಂದು ಬಗೆ, ಹೋದರೆ ಇನ್ನೊಂದು ಬಗೆ. ಆಮೇಲೆ ಡೆನ್ಮಾರ್ಕಿನ ಆಳವಿಲ್ಲದ ಸರೋವರಗಳನ್ನು ನೋಡಿದವರು, ತೂಕದಲ್ಲಿ ಒಂದು ಪಾಲು ರಂಜಕಕ್ಕೆ 15 ಪಾಲಿಗಿಂತ ಹೆಚ್ಚು ಕಬ್ಬಿಣ ಕೆಸರಿನಲ್ಲಿದ್ದರೆ ರಂಜಕ ಹಿಡಿತದಲ್ಲಿರುತ್ತದೆ ಎಂಬ ಅಂದಾಜಿಗೆ ಬಂದರು. ಬರ್ಲಿನ್ ಹತ್ತಿರದ ಗ್ರೋಸ್ ಗ್ಲೀನಿಕೆ ಎಂಬ ಸರೋವರ ಪಾಚಿಯಿಂದ ಕೆಟ್ಟಾಗ 1992-93ರಲ್ಲಿ ಅದಕ್ಕೆ ಕಬ್ಬಿಣವನ್ನೇ ಸುರಿದು ಸರಿಪಡಿಸಿದರು.

ನಮ್ಮೂರಿನವರು ರಂಜಕದ ಹೆಸರು ಕೇಳಿದವರಲ್ಲ. ಆದರೆ ಅವರು ಮಾಡುತ್ತಿದ್ದದ್ದು ಏನು? ವರ್ಷ ವರ್ಷ ಕೆರೆಗೆ ಬಂದು ಸೇರಿದ ರಂಜಕವನ್ನು, ಅದನ್ನು ಹಿಡಿದಿದ್ದ ಕಬ್ಬಿಣದ ಸಮೇತ, ಬಂಡಿಯಲ್ಲಿ ಹೇರಿ ಮತ್ತೆ ಹೊಲಕ್ಕೆ ಒಯ್ಯುತ್ತಿದ್ದರು. ಹೊಲಕ್ಕೆ ಬೇಕಾದದ್ದು ಹೊಲಕ್ಕೆ, ಕೆರೆಗೆ ಬೇಡವಾದದ್ದು ಕೆರೆಯಿಂದ ಹೊರಗೆ. ಉಳಿದ ತಳ ಬಿಸಿಲಿಗೆ ಒಣಗಿ, ಬಿರಿದು, ಗಾಳಿ ಕುಡಿದು ಹೊಸ ಜಂಗು ಕಟ್ಟಿಕೊಳ್ಳುತ್ತಿತ್ತು. ಮುಂಗಾರಿನ ಮೊದಲ ನೀರು ಆ ಜಂಗಿನ ಮೇಲೆ ನಿಲ್ಲುತ್ತಿತ್ತು. ಅದರ ಮೇಲೆ ಮಸಾರಿ ಹೊಲಗಳಿಂದ ಹೊಸ ಕೆಂಪು ಮಣ್ಣು ಬಂದು ಸೇರುತ್ತಿತ್ತು. ನನ್ನ ಅವ್ವ ಕೊಡದಲ್ಲಿ ತಂದ ಕೆರೆಯ ನೀರು ಮೊದಲು ಕೆಂಪಗಿರುತ್ತಿತ್ತು. ರಾತ್ರಿ ಪಟಗ ಆಡಿಸಿಟ್ಟರೆ ಬೆಳಿಗ್ಗೆ ತಿಳಿ. ಹಸಿರು ನೀರು ಕುಡಿದ ನೆನಪು ನನಗಿಲ್ಲ.

ಎರೆ ಹೊಲದ ಕಥೆ ಬೇರೆ. ಎರೆಯಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಸುಣ್ಣ ಹೆಚ್ಚಿರುವುದರಿಂದ ಅದು ಬೇರಿಗೆ ದಕ್ಕುವುದಿಲ್ಲ. ಶೇಂಗಾದ ಎಳೆ ಎಲೆ ನರ ಮಾತ್ರ ಹಸಿರಾಗಿ ಉಳಿದು ಹಳದಿ ತಿರುಗುವುದು ಇದಕ್ಕೇ. ಅದಕ್ಕೆ ಅಂಗಡಿಯಿಂದ ಅನ್ನಭೇದಿ ತಂದು, ನೀರಿನಲ್ಲಿ ಕರಗಿಸಿ, ನಿಂಬೆ ಹುಳಿ ಸೇರಿಸಿ ಹೊಡೆಯುತ್ತಾರೆ. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಭತ್ತದ ಸಸಿಮಡಿಯಲ್ಲಿ ಇದನ್ನು ಇನ್ನೂ ಚೆನ್ನಾಗಿ ನೋಡಬಹುದು. ಒಣ ಮಡಿಯಲ್ಲಿ ಹಳದಿಯಾದ ಸಸಿಗೆ ನೀರು ನಿಲ್ಲಿಸಿದರೆ ಕೆಲವೇ ದಿನಕ್ಕೆ ಹಸಿರು ಮರಳುತ್ತದೆ, ಕೆಸರಿನಲ್ಲಿ ಗಾಳಿ ತೀರಿ ಕಬ್ಬಿಣ ಕರಗಿ ಬೇರಿಗೆ ಸಿಗುತ್ತದೆ. ಕೆರೆಯ ತಳದಲ್ಲಿ ಆಗುವ ಕೆಲಸವೇ ಗದ್ದೆಯಲ್ಲೂ ಆಗುವುದು. ಗದ್ದೆಗೆ ಅದು ಲಾಭ, ಕುಡಿಯುವ ಕೆರೆಗೆ ನಷ್ಟ.

ಹೂಳು ಹೊಡೆಯುವ ಆ ಪದ್ಧತಿ ನಿಂತದ್ದು ಒಂದೇ ವರ್ಷದಲ್ಲಲ್ಲ. 1945ರ ಫೆಬ್ರುವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು, ನಮ್ಮ ಕಡೆಯ ದಂಡೆಯಲ್ಲಿ ಬೇರಾರ್ ರಾಜಕುಮಾರನ ಕೈಯಿಂದ, ಆಚೆ ದಂಡೆಯಲ್ಲಿ ಮದರಾಸಿನ ಗವರ್ನರ್ ಆರ್ಥರ್ ಹೋಪ್ ಕೈಯಿಂದ. 1953ರಲ್ಲಿ ನೀರು ಬಿಟ್ಟರು. 1956ರಲ್ಲಿ ಹೈದರಾಬಾದು ರಾಜ್ಯ ಒಡೆದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಎಡದಂಡೆ ಕಾಲುವೆ ಕೆಳಕ್ಕೆ ಹರಿದುಬಂದಂತೆ ಜೋಳದ ಹೊಲ ಭತ್ತದ ಗದ್ದೆಯಾಯಿತು. ದೇವದುರ್ಗದ ಕಡೆಗೆ ಮುಂದೆ ನಾರಾಯಣಪುರದ ಬಲದಂಡೆ ಕಾಲುವೆ ಬಂತು. ಇದನ್ನು ನಾನು ದೂರುವುದಿಲ್ಲ. 72ರ ಬರದಲ್ಲಿ ಕಲ್ಲು ಒಡೆಯುವ ಕಾಮಗಾರಿಗೆ ಹೋದ ಹೆಣ್ಣುಮಕ್ಕಳ ಅಂಗೈ ನೋಡಿದವಳು ನಾನು, ಕಾಲುವೆ ನೀರು ಏನೆಂದು ನನಗೆ ಗೊತ್ತು. ಆದರೆ ನೀರಿನ ಜೊತೆ ಡಿಎಪಿ ಚೀಲವೂ ಬಂತು. ಗೊಬ್ಬರ ಅಂಗಡಿಯಲ್ಲಿ ಸಿಗುವಾಗ ಹೂಳಿಗೆ ಬಂಡಿ ಹೂಡುವವರು ಯಾರು? ಎರಡು ಬೆಳೆ ಬರತೊಡಗಿದ ಮೇಲೆ ಬೇಸಿಗೆಯ ಬಿಡುವೂ ಹೋಯಿತು. ಟ್ರ್ಯಾಕ್ಟರ್ ಬಂದು ಎತ್ತು ಹೋದವು. ಅಜ್ಜನ ಬೇವಿನ ಗಿಡಕ್ಕೆ ಒರಗಿಸುವ ಗಾಲಿಗಳೇ ಇಲ್ಲವಾದವು, ನನ್ನ ಅಪ್ಪ ವೆಲ್ಡಿಂಗ್ ಕಲಿತ.

ಅದೇ ಹೊತ್ತಿಗೆ ಬೋರಿಂಗ್ ಬಂತು. ಯುನಿಸೆಫ್ ನೆರವಿನಿಂದ 1970ರ ದಶಕದಲ್ಲಿ ರೂಪುಗೊಂಡ ಇಂಡಿಯಾ ಮಾರ್ಕ್ 2 ಕೈಪಂಪು ಊರೂರಿಗೆ ಬಂದು ನಿಂತಾಗ ಕೆರೆಗೆ ಹೋಗುವ ದಾರಿಯಲ್ಲಿ ಹುಲ್ಲು ಬೆಳೆಯಿತು. ಕೈಪಂಪಿನ ಬುಡದ ಸಿಮೆಂಟು ಕಟ್ಟೆ ಕೆಲವೇ ತಿಂಗಳಲ್ಲಿ ಕೆಂಪಾಗುತ್ತಿತ್ತು. ಆ ಕೆಂಪು ಎಲ್ಲಿಂದ ಬರುತ್ತದೆ ಎಂದು ಮಕ್ಕಳು ಕೇಳಿದರೆ ಎರಡು ಲೋಟ ತರಿಸುತ್ತಿದ್ದೆ. ಒಂದರಲ್ಲಿ ಮುಂಜಾನೆ ಮೊದಲು ಹೊಡೆದ ನೀರು, ಇನ್ನೊಂದರಲ್ಲಿ ಬಹಳ ಹೊತ್ತು ಹೊಡೆದ ಮೇಲೆ ಬಂದ ನೀರು. ಎರಡಕ್ಕೂ ಒಂದೊಂದು ಚಮಚ ಗಟ್ಟಿ ಚಹಾ ಡಿಕಾಕ್ಷನ್. ಮೊದಲ ಲೋಟ ನೇರಳೆ ಕಪ್ಪಿಗೆ ತಿರುಗುತ್ತಿತ್ತು, ಎರಡನೆಯದು ಚಹಾದ ಬಣ್ಣದಲ್ಲೇ ಉಳಿಯುತ್ತಿತ್ತು. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರು ಸತುವಿನ ಲೇಪ ತಿಂದು ಒಳಗಿನ ಕಬ್ಬಿಣ ಕರಗಿಸಿಕೊಂಡಿರುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದ ಹಿಂದಿನವರ ವಿದ್ಯೆಯೂ ಇದೇ. “ಅಕ್ಕಾರ, ನಮ್ಮನ್ಯಾಗ ಚಾ ಯಾಕ ಕರ್ರಗ ಆಗ್ತದ ಅಂತ ಈಗ ಗೊತ್ತಾತ್ರಿ” ಎಂದಿದ್ದ ಹುಡುಗಿಯ ಮುಖ ನನಗೆ ಇನ್ನೂ ನೆನಪಿದೆ. ಕುಡಿಯುವ ನೀರಿನಲ್ಲಿ ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ಮೀರಬಾರದೆಂದು 2015ರವರೆಗೆ ನಮ್ಮ ದೇಶದ ಮಾನದಂಡವಿತ್ತು. ರುಚಿ, ಬಣ್ಣ, ಬಟ್ಟೆಯ ಕಲೆ ಮುಖ್ಯ ಕಾರಣಗಳು.

ಬೋರು ಬತ್ತಿದ ಮೇಲೆ, ಫ್ಲೋರೈಡಿನ ಭಯ ಹತ್ತಿದ ಮೇಲೆ ಕೆರೆಗಳು ಮತ್ತೆ ಬೇಕಾದವು. ಈಗ ಕಾಲುವೆ ನಿಲ್ಲುವ ಮುನ್ನ ಅದರ ನೀರನ್ನು ಕುಡಿಯುವ ನೀರಿನ ಕೆರೆಗೆ ತುಂಬಿಸಿ, ಬೇಸಿಗೆ ಮುಗಿಯುವವರೆಗೆ ಅದನ್ನೇ ಸೋಸಿ ನಳಕ್ಕೆ ಬಿಡುತ್ತಾರೆ. ಏಪ್ರಿಲ್ ಕೊನೆಗೆ ಇಂಥ ಕೆರೆಯ ದಂಡೆಗೆ ಹೋದರೆ ನೀರು ಗಿಣಿ ಹಸಿರು. ಗಾಳಿ ಬೀಸುವ ಮೂಲೆಯಲ್ಲಿ ಪಾಚಿ ಕೆನೆ ಕಟ್ಟಿರುತ್ತದೆ. ಸೋಸುವ ಮರಳು ಪದೇ ಪದೇ ಕಟ್ಟಿಕೊಳ್ಳುತ್ತದೆ. ಗದ್ದೆಗಳ ಬಸಿಗಾಲುವೆಯಿಂದ ಬಂದ ರಂಜಕ, ಬಟ್ಟೆ ಸೋಪಿನ ರಂಜಕ, ಎಷ್ಟೋ ವರ್ಷದಿಂದ ತಳದಲ್ಲಿ ಕೂಡಿದ ರಂಜಕ, ಎಲ್ಲವೂ ಅಲ್ಲಿದೆ. ನೀಲಿ ಹಸಿರು ಪಾಚಿಗೆ ಗಾಳಿಯ ಸಾರಜನಕವನ್ನು ಹಿಡಿಯಲೂ ಕಬ್ಬಿಣ ಬೇಕು. ತಳದಿಂದ ಕರಗಿ ಬರುವ ಕಬ್ಬಿಣ ಅದಕ್ಕೂ ಒದಗುತ್ತದೆ. ಬೀಗವಾಗಿದ್ದದ್ದೇ ಆಹಾರವಾಗುತ್ತದೆ.

ಸಂಡೂರಿನ ಗಣಿಗಳ ಕೆಂಪು ಧೂಳಿನಿಂದ ನಮಗೆ ಕಬ್ಬಿಣ ಬೇಕಾದಷ್ಟು ಬರುತ್ತದಲ್ಲ ಎಂದು ಕೆಲವರು ಕೇಳುತ್ತಾರೆ. ಸಂಡೂರು, ಬಳ್ಳಾರಿ ಗುಡ್ಡಗಳನ್ನು ಅಗೆದ ಮಣ್ಣು ಹಳ್ಳಗಳಿಗೆ ಇಳಿದದ್ದು ನಿಜ. ಅಲ್ಲಿನ ಅಕ್ರಮದ ಮೇಲೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದು, 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಹಿಡಿಯುತ್ತದೆ. ಆ ಹೂಳು ಗಣಿಯದಷ್ಟೇ ಅಲ್ಲ, ಮಲೆನಾಡಿನಿಂದ ಈಚೆಗಿನ ಇಡೀ ಜಲಾನಯನದ್ದು. ಆದರೆ ಗಣಿಯ ಹೆಮಟೈಟ್ ಗಟ್ಟಿ ಹರಳು. ಹೊಸ ಜಂಗು ರಂಜಕವನ್ನು ಹಿಡಿಯುವಷ್ಟು ಅದು ಹಿಡಿಯುವುದಿಲ್ಲ, ಕೆಸರಿನಲ್ಲಿ ಬೇಗ ಕರಗುವುದೂ ಇಲ್ಲ. ಕಬ್ಬಿಣ ಎಷ್ಟಿದೆ ಎಂಬುದರ ಜೊತೆಗೆ ಅದು ಯಾವ ರೂಪದಲ್ಲಿದೆ ಎಂಬುದನ್ನೂ ನೋಡಬೇಕು. ಇನ್ನೊಂದು ತೊಡಕೂ ಇದೆ. ಸವುಳು ಹಿಡಿದ ಎರೆ ಭೂಮಿಗೆ ಜಿಪ್ಸಂ ಹಾಕುತ್ತೇವೆ. ಅದರ ಸಲ್ಫೇಟ್ ಬಸಿದು ಕೆರೆಗೆ ಬಂದರೆ ತಳದಲ್ಲಿ ಸಲ್ಫೈಡ್ ಆಗಿ ಕಬ್ಬಿಣವನ್ನು ತಾನೇ ಹಿಡಿದುಕೊಳ್ಳುತ್ತದೆ. ರಂಜಕಕ್ಕೆ ಹಿಡಿತ ತಪ್ಪುತ್ತದೆ.

ಹೂಳು ತೆಗೆಯುವ ಕೆಲಸ ಈಗ ಮತ್ತೆ ನಡೆಯುತ್ತಿದೆ. 2002ರಲ್ಲಿ ಜಲ ಸಂವರ್ಧನೆ ಯೋಜನಾ ಸಂಘ ಬಂತು, ಆಮೇಲೆ ಉದ್ಯೋಗ ಖಾತ್ರಿ. ದೇವದುರ್ಗ, ಮಾನ್ವಿ ಕಡೆ ಮೇ ತಿಂಗಳ ಬಿಸಿಲಿನಲ್ಲಿ ಬುಟ್ಟಿ ಹೊತ್ತ ಹೆಣ್ಣುಮಕ್ಕಳ ಸಾಲು ನೋಡಿದರೆ ನನಗೆ ಅಜ್ಜನ ಕಾಲವೇ ಕಣ್ಣ ಮುಂದೆ ಬರುತ್ತದೆ. ಆದರೆ ಅಳತೆಯ ಪುಸ್ತಕಕ್ಕೆ ಬೇಕಾಗುವುದು ತೆಗೆದ ಗುಂಡಿಯ ಉದ್ದ, ಅಗಲ, ಆಳ. ಮಣ್ಣು ಎಲ್ಲಿಗೆ ಹೋಯಿತು ಎಂಬುದಕ್ಕೆ ಕಾಲಂ ಇಲ್ಲ. ಎಷ್ಟೋ ಕಡೆ ಕಪ್ಪು ಮಣ್ಣನ್ನು ಕೆರೆಯೊಳಗಿನ ದಂಡೆಯ ಮೇಲೇ ಗುಡ್ಡೆ ಹಾಕಿರುತ್ತಾರೆ. ಮೊದಲ ದೊಡ್ಡ ಮಳೆಗೆ ಅದು ಪುನಃ ಕೆರೆಗೇ ಇಳಿಯುತ್ತದೆ. ಇನ್ನು ಕೆಲವು ಕಡೆ ಜೆಸಿಬಿ ಇಟ್ಟು ಜಿಗುಟು ಮಣ್ಣಿನ ಪದರವನ್ನೂ ದಾಟಿ ಮೊರಂ ತನಕ ಅಗೆದು ಇಟ್ಟಿಗೆ ಭಟ್ಟಿಗೆ ಒಯ್ಯುತ್ತಾರೆ. ಅಂಥ ಕೆರೆಯಲ್ಲಿ ನೀರೇ ನಿಲ್ಲುವುದಿಲ್ಲ. ಹಿಂದೆ ಗುದ್ದಲಿ ಹಿಡಿದವರು ಕಪ್ಪು ರಾಡಿ ಮುಗಿದು ಬೂದು ಜೇಡಿ ಕಂಡ ಕೂಡಲೇ ಕೈ ನಿಲ್ಲಿಸುತ್ತಿದ್ದರು.

ನಮ್ಮ ಪಂಚಾಯಿತಿಯವರಿಗೆ ನಾನು ಪ್ರತಿ ಬೇಸಿಗೆಗೂ ಹೇಳುವುದು ಇಷ್ಟು. ಹೂಳು ಕಡಿಯುವ ಮುನ್ನ ಒಂದು ಕಡೆ ಮೊಣಕಾಲುದ್ದ ಅಗೆದು ಬಣ್ಣ ನೋಡಿರಿ, ಕಂದು ಎಷ್ಟು, ಕಪ್ಪು ಎಷ್ಟು ಎಂದು. ಕಪ್ಪನ್ನು ಪೂರ್ತಿ ತೆಗೆಯಿರಿ, ಜೇಡಿಯನ್ನು ಮುಟ್ಟಬೇಡಿರಿ. ತೆಗೆದದ್ದನ್ನು ಅದೇ ವಾರ ಮಸಾರಿ ಹೊಲಗಳಿಗೆ ಹಂಚಿರಿ, ಟ್ರ್ಯಾಕ್ಟರ್ ಬಾಡಿಗೆಯನ್ನು ಅಂದಾಜು ಪಟ್ಟಿಯಲ್ಲೇ ಸೇರಿಸಿರಿ. ತಳ ಕನಿಷ್ಠ ಒಂದು ತಿಂಗಳು ಬಿಸಿಲು ಕಾಣಲಿ, ಆಮೇಲೆ ನೀರು ತುಂಬಿಸಿರಿ. ಕುಡಿಯುವ ನೀರಿನ ಕೆರೆಯನ್ನು ಒಂದು ತಿಂಗಳು ಖಾಲಿ ಬಿಟ್ಟರೆ ಊರು ಏನು ಕುಡಿಯಬೇಕು ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಕೆರೆಯ ನಡುವೆ ಒಡ್ಡು ಹಾಕಿ ಎರಡು ಪಾಲು ಮಾಡಿರಿ, ಒಂದು ವರ್ಷ ಒಂದು ಪಾಲು ಒಣಗಲಿ, ಮರುವರ್ಷ ಇನ್ನೊಂದು ಎನ್ನುತ್ತೇನೆ. ಈ ಸಲದ ಗ್ರಾಮಸಭೆಯಲ್ಲಿ ಅದನ್ನು ಬರೆದುಕೊಂಡಿದ್ದಾರೆ.